ಕಿಟಕಿಯ ಮೇಲಿನ ಹಿಡಿ

ಮೊನ್ನೆ ನಮ್ಮ ಎದುರುಮನೆಯವರು ಹೊಸ ಕಾರು ತಂದರು. ಪೇಡ ಕೊಟ್ಟು, "ಬನ್ನಿ ಟೀಚರ್, ಒಂದು ರೌಂಡ್ ಹೋಗಿ ಬರೋಣ" ಎಂದು ಬಲವಂತ ಮಾಡಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ. ಒಳಗೆಲ್ಲ ಹೊಸ ಕಾರಿನ ವಾಸನೆ, ಅರ್ಧ ರಬ್ಬರು, ಅರ್ಧ ಗೋಂದು. ಅದನ್ನು ಮೂಗರಳಿಸಿ ಎಳೆದುಕೊಂಡು ಕಣ್ಣು ಮುಚ್ಚುವವರನ್ನೂ ನಾನು ಕಂಡಿದ್ದೇನೆ. ಸಾಲಗಾಮೆ ರಸ್ತೆಯ ಹಂಪಿನ ಮೇಲೆ ಕಾರು ಕುಪ್ಪಳಿಸಿದಾಗ ನನ್ನ ಎಡಗೈ ತಾನಾಗಿಯೇ ಕಿಟಕಿಯ ಮೇಲಕ್ಕೆ ಹೋಯಿತು. ಅಲ್ಲಿ ಹಿಡಿ ಇರಲಿಲ್ಲ. ಹಿಡಿ ಇರಬೇಕಾದ ಕಡೆ ಅಂಗಿಯ ಗುಂಡಿಯಷ್ಟಗಲದ ಎರಡು ಪ್ಲಾಸ್ಟಿಕ್ ಮುಚ್ಚಳಗಳಿದ್ದವು.

ಪೇಡ ತಿಂದ ಬಾಯಿ, ಎದುರುಮನೆಯವರಿಗೆ ಏನೂ ಹೇಳಲಾಗಲಿಲ್ಲ. "ಚೆನ್ನಾಗಿದೆ" ಎಂದೆ. ನಿಮ್ಮ ಹತ್ತಿರ ಮಾತ್ರ ನನಗೆ ಆ ದಾಕ್ಷಿಣ್ಯವಿಲ್ಲ. ನಿಮ್ಮದೂ ಒಂದು ಸಣ್ಣ ಕಾರು ಹೊರಗೆ ನಿಂತಿದ್ದರೆ ಎದ್ದು ಹೋಗಿ ಕಿಟಕಿಯ ಮೇಲೊಮ್ಮೆ ನೋಡಿ ಬನ್ನಿ. ನಾನು ಕಾಯುತ್ತೇನೆ, ನನಗೇನೂ ಅವಸರವಿಲ್ಲ. ಹಿಡಿ ಇದ್ದರೆ ನಿಮ್ಮ ಕಾರು ಹಳೆಯದು, ಸಂತೋಷಪಡಿ. ಮುಚ್ಚಳ ಇದ್ದರೆ ಮುಂದೆ ಓದಿ.

ಎದುರುಮನೆಯವರು ತಂದ ಈ ಮಾಡೆಲ್ಲನ್ನು ನಮ್ಮ ಬಳಗಕ್ಕೆ ಮೊದಲು ತಂದವಳು ನಾನೇ. ಆಗ ಅದು ಹೊಸದಾಗಿ ಮಾರುಕಟ್ಟೆಗೆ ಬಂದಿತ್ತು. ಕೊಳ್ಳುತ್ತಾರೋ ಇಲ್ಲವೋ ಎಂದು ಕಂಪನಿಗೆ ನಮ್ಮ ಬಗ್ಗೆ ಇನ್ನೂ ಸ್ವಲ್ಪ ಭಯವಿತ್ತು, ಹೆಣ್ಣು ನೋಡಲು ಬಂದ ಗಂಡಿಗೆ ಇರುತ್ತದಲ್ಲ ಹಾಗೆ. ಆದ್ದರಿಂದ ಧಾರಾಳವಾಗಿ ಕೊಟ್ಟಿದ್ದರು. ಡಿಕ್ಕಿ ತೆಗೆದರೆ ದೀಪ ಹತ್ತುತ್ತಿತ್ತು. ಬಾನೆಟ್ಟಿನ ಒಳಮೈಗೆ ದಪ್ಪ ಹೊದಿಕೆ ಇತ್ತು. ಬಾಗಿಲು ಹಾಕಿದರೆ ದಿವಾನನ ಮನೆಯ ಬಾಗಿಲು ಹಾಕಿದಂಥ ಸದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಡ್ರೈವರ್ ಬಿಟ್ಟು ಕೂತವರಿಗೆಲ್ಲ ತಲೆಯ ಪಕ್ಕ ಒಂದೊಂದು ಹಿಡಿ, ಎಳೆದು ಬಿಟ್ಟರೆ ಮೆಲ್ಲಗೆ ಮೇಲೆ ಹೋಗಿ ಕೂರುವಂಥದ್ದು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಈ ಹಿಡಿಯ ವಿನಯದ ಬಗ್ಗೆ ಭಾಷಣವನ್ನೇ ಮಾಡಿದ್ದೆ. ಕಂಪನಿಯವರು ನನಗೆ ಕಮಿಷನ್ ಕೊಡಬೇಕಿತ್ತು.

ನಮ್ಮ ಕಡೆಯವರು ವಸ್ತು ಕೊಳ್ಳುವ ರೀತಿ ನಿಮಗೆ ಗೊತ್ತಿರಬೇಕು. ಹಾಸನದ ಮಂಡಿಯಲ್ಲಿ ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ, ಹೋದ ಸಲ ಯಾರ ಹೊಲದಲ್ಲಿ ಬೆಳೆ ಚೆನ್ನಾಗಿ ಬಂತು, ಅವರು ಯಾವ ಅಂಗಡಿಯ ಬೀಜ ತಂದಿದ್ದರು ಎಂದು ವಿಚಾರಿಸಿ ಅದೇ ಅಂಗಡಿಗೆ ಹೋಗುತ್ತಾರೆ. ನಮ್ಮ ಬಳಗ ಕಾರನ್ನೂ ಹಾಗೇ ಕೊಂಡಿತು. ನನ್ನ ಕಾರು ತೊಂದರೆ ಕೊಡಲಿಲ್ಲ ಎಂದು ಅರಕಲಗೂಡಿನ ಚಿಕ್ಕಪ್ಪ ಅದೇ ತಂದರು. ಚಿಕ್ಕಪ್ಪನದು ನೋಡಿ ಚನ್ನರಾಯಪಟ್ಟಣದ ಭಾವ, ಅಂದರೆ ನಮ್ಮ ಅಕ್ಕನ ಗಂಡ, ಅದೇ ತಂದರು. ಕೊನೆಗೆ ಹೊಳೆನರಸೀಪುರದ ದೊಡ್ಡಮ್ಮನ ಮಗ ಮಂಜಣ್ಣನೂ ತಂದ. ಅದೇ ಹೆಸರು, ಅದೇ ಬಿಳಿ ಬಣ್ಣ. ನಡುವೆ ವರ್ಷಗಳು ಸರಿದಿದ್ದವು ಎಂಬುದನ್ನು ಯಾರೂ ಯೋಚಿಸಲಿಲ್ಲ. ಆಲೂಗಡ್ಡೆಯಾದರೆ ಎಷ್ಟೇ ನಂಬಿಕೆಯ ಅಂಗಡಿಯಾದರೂ ಮೂಟೆಯಿಂದ ಒಂದನ್ನು ತೆಗೆದು ಕುಯ್ದು ನೋಡುವ ಜನ, ಕಾರಿಗೆ ಮಾತ್ರ ಹಾರ ಹಾಕಿ ಬಾಗಿಲೂ ತೆಗೆದು ನೋಡದೆ ಮನೆಗೆ ತಂದರು.

ಮಂಜಣ್ಣ ಅದನ್ನೇ ತಂದದ್ದು ದೊಡ್ಡಮ್ಮನ ಹಟದಿಂದ. ದೊಡ್ಡಮ್ಮನ ಎರಡು ಮೊಣಕಾಲೂ ಸವೆದು ವರ್ಷಗಳಾಗಿವೆ. ಆದರೆ ಬಳಗದ ಒಂದು ತೊಟ್ಟಿಲು ಶಾಸ್ತ್ರ, ಒಂದು ತಿಥಿ, ಆಸ್ಪತ್ರೆಯಲ್ಲಿ ಮಲಗಿದ ಒಬ್ಬ ನೆಂಟ, ಯಾವುದನ್ನೂ ಅವರು ಬಿಟ್ಟವರಲ್ಲ. ಅವರು ಬಂದು ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಬಗ್ಗೆ ಎರಡು ಮಾತು ಆಡದಿದ್ದರೆ ಅದು ನಮ್ಮ ಮನೆಗಳಲ್ಲಿ ಸಮಾರಂಭವೇ ಅಲ್ಲ. ರಜೆ ಬಂದರೆ ನನ್ನ ಕಾರಿನಲ್ಲೇ ಅವರ ಸವಾರಿ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯನ್ನು ನೋಡಿಬರಲು ವರ್ಷಕ್ಕೊಮ್ಮೆಯಾದರೂ ಹೊರಡುತ್ತಿದ್ದರು. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈ ಮಂಡಿಯ ಮೇಲೆ, ಒಂದು "ಉಸ್", ಕೆಳಗಿಳಿದೇಬಿಡುತ್ತಿದ್ದರು. ಆಮೇಲೆ ಸುತ್ತ ಒಮ್ಮೆ ನೋಡುತ್ತಿದ್ದರು, ಯಾರಾದರೂ ಗಮನಿಸಿದರಾ ಎಂದು.

ಯಾರಾದರೂ ಕೈ ಚಾಚಿದರೋ ಮುಗಿಯಿತು. "ನಾಕ್ ಜನ ಸೇರ್ಕಂಡು ನನ್ನ ಎತ್ತೋದು ಒಂದಿನ ಇದ್ದೇ ಅದೆ. ಅವತ್ತು ನಾನು ಮಾತಾಡಕಿಲ್ಲ. ಅಲ್ಲೀಗಂಟ ಮುಟ್ಬ್ಯಾಡಿ" ಎನ್ನುತ್ತಿದ್ದರು. ಮಂಜಣ್ಣ ಕಾರು ಕೊಳ್ಳುವ ಮಾತೆತ್ತಿದಾಗ ನನ್ನನ್ನು ತೋರಿಸಿ, "ಇವಳಂತದ್ದೇ ತಗಾ ಕಣ್ಲಾ. ಅದ್ರಲ್ಲಾದ್ರೆ ನಾನೇ ಅತ್ತಿ ನಾನೇ ಇಳೀತೀನಿ" ಎಂದರು. ಮಂಜಣ್ಣ ಅಮ್ಮನ ಮಾತು ಮೀರಲಿಲ್ಲ.

ಹೊಸ ಕಾರು ಬಂದ ವಾರವೇ ಮೊಸಳೆ ಎಂಬ ಊರಿನಲ್ಲಿ ನಮ್ಮ ನೆಂಟರ ಬೀಗರೂಟವಿತ್ತು. ಬೆಳಿಗ್ಗೆ ಮನೆಯಲ್ಲಿ ದೊಡ್ಡಮ್ಮ ಸೊಂಟ ತಿರುಗಿಸಿ ಸೀಟಿನ ಮೇಲೆ ಕೂತುಬಿಟ್ಟಿದ್ದರು. ಕೂರುವುದಕ್ಕೆ ಹಿಡಿ ಬೇಕಿಲ್ಲ, ಭೂಮಿಯೇ ಎಳೆದುಕೊಳ್ಳುತ್ತದೆ. ಕಷ್ಟ ಇಳಿಯುವುದರಲ್ಲಿ. ಶಾಮಿಯಾನದ ಮುಂದೆ ಕಾರು ನಿಂತಿತು. ನಾನು ಅಷ್ಟು ಹೊತ್ತಿಗೆ ಬಂದು ಬಾಗಿಲಲ್ಲೇ ಇದ್ದೆ. ದೊಡ್ಡಮ್ಮನ ಕೈ ಕಿಟಕಿಯ ಮೇಲೆ ಹೋಗಿ ತಡಕಾಡಿತು, ಇಳಿಯಿತು, ಮತ್ತೆ ಹೋಗಿ ತಡಕಾಡಿತು.

"ಏನ್ಲಾ ಮಂಜ, ಇಡ್ಕಳಕ್ಕೆ ಏನೂ ಇಲ್ವಲ್ಲಾ ಇದ್ರಲ್ಲಿ" ಎಂದರು.

ಮಂಜಣ್ಣ ಓಡಿ ಬಂದು ಕೈ ಕೊಟ್ಟ. ದೊಡ್ಡಮ್ಮ ಆ ಕೈಯನ್ನು ಸರಿಸಿ, ತೆರೆದ ಬಾಗಿಲನ್ನೇ ಹಿಡಿದು ಎದ್ದರು. ಬಾಗಿಲು ಎಂದಾದರೂ ನಿಂತಲ್ಲಿ ನಿಲ್ಲುತ್ತದೆಯೇ. ಅದು ಹೊರಕ್ಕೆ ಸರಿಯಿತು, ಅದರ ಜೊತೆಗೆ ದೊಡ್ಡಮ್ಮನೂ ಹೋಗಿ ಎಲ್ಲ ಬೀಗರ ಎದುರಿಗೆ ನೆಲದ ಮೇಲೆ ಕೂತರು. ಮಂಡಿ ತರಚಿತು, ಅಷ್ಟೆ. ಆದರೆ ಅವರನ್ನು ಎತ್ತಿ ನಿಲ್ಲಿಸಲು ನಾಲ್ಕು ಜನ ಬೇಕಾಯಿತು. ಆ ದಿನವೆಲ್ಲ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಮುದ್ದೆ ಗಟ್ಟಿಯಾಗಿತ್ತು, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಆಗಲೂ ಆಡಲಿಲ್ಲ.

ನನಗೆ ಊಟ ಸೇರಲಿಲ್ಲ. ಎದ್ದು ಹೋಗಿ, ಹುಣಸೆಮರದ ಕೆಳಗೆ ಸಾಲಾಗಿ ನಿಂತಿದ್ದ ನಮ್ಮ ನಾಲ್ಕು ಬಿಳಿ ಕಾರುಗಳ ಬಾಗಿಲು, ಡಿಕ್ಕಿ, ಬಾನೆಟ್ಟು ಎಲ್ಲ ತೆಗೆದು ನೋಡತೊಡಗಿದೆ. ಮದುವೆ ಮನೆಯ ಹೆಂಗಸೊಬ್ಬಳು ರೇಷ್ಮೆ ಸೀರೆಯಲ್ಲಿ ಕಾರಿನೊಳಗೆ ತಲೆ ತೂರಿಸುವುದನ್ನು ಮೊಸಳೆಯ ಜನ ಆಸಕ್ತಿಯಿಂದ ನೋಡಿದರು. ಚಿಕ್ಕಪ್ಪನ ಡಿಕ್ಕಿಯಲ್ಲಿ ದೀಪವಿಲ್ಲ. ದೀಪದ ಜಾಗವಿದೆ, ಅದಕ್ಕೊಂದು ಮುಚ್ಚಳವಿದೆ. ಭಾವನ ಬಾನೆಟ್ಟಿನ ಒಳಗೆ ಬರಿಯ ತಗಡು. ನನ್ನ ಕಾರಿನ ಬಾಗಿಲಂಚಿಗೆ ಎರಡು ಸುತ್ತು ರಬ್ಬರಿದ್ದರೆ ಅವರದರಲ್ಲಿ ಒಂದು ಸುತ್ತು ಮಾಯ. ಮಂಜಣ್ಣನ ಬಾಗಿಲು ಹಾಕಿದರೆ ಎಣ್ಣೆ ಡಬ್ಬದ ಮುಚ್ಚಳದ ಸದ್ದು. ಹಿಡಿಗಳು ಅವನ ಕಾರಿಗೆ ಬರುವ ಹೊತ್ತಿಗೆ ಖಾಲಿ. ಆದರೆ ಮುಂದಿನ ಮೂತಿ ಮಾತ್ರ ಒಂದಕ್ಕಿಂತ ಒಂದರದು ಹೆಚ್ಚು ಹೊಳೆಯುತ್ತಿತ್ತು.

ಎಂಥ ನಾಜೂಕು ನೋಡಿ. ಎಲ್ಲವನ್ನೂ ಒಂದೇ ಸಲ ಕಿತ್ತುಕೊಂಡಿದ್ದರೆ ನಾವು ಬೊಬ್ಬೆ ಹಾಕುತ್ತಿದ್ದೆವು. ಅವರು ಹಾಗೆ ಮಾಡುವ ದಡ್ಡರಲ್ಲ. ಒಂದೊಂದು ಸಲ ಒಂದೊಂದು. ತೆಗೆದದ್ದನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ. "ಈಗ ಇನ್ನಷ್ಟು ಹೊಸತನದೊಂದಿಗೆ" ಎನ್ನುತ್ತಾರೆ. ಮಾರಾಟವಾಗದ ಕಾರಿಗೆ ಹೀಗೆ ಮಾಡಿದ್ದರೆ ಪಾಪ ಎನ್ನಬಹುದಿತ್ತು. ಇದು ಬೀದಿಗೆ ಹತ್ತು ಇರುವ ಕಾರು. ನಾವು ನಂಬಿದೆವು, ಅದೇ ನಾವು ಮಾಡಿದ ತಪ್ಪು. ನಂಬಿದವರಿಗೆ ಯಾಕೆ ಹಿಡಿ ಕೊಡಬೇಕು, ಅವರು ಹೇಗೂ ಬರುತ್ತಾರೆ ಎಂದು ಯಾವುದೋ ಎ.ಸಿ. ಕೋಣೆಯಲ್ಲಿ ಕೂತ ಜಾಣನೊಬ್ಬ ತೀರ್ಮಾನಿಸಿರಬೇಕು. ಅವನಿಗೆ ತಾಯಿ ಇಲ್ಲವೋ, ಇದ್ದರೂ ಅವಳು ಇಂಥ ಕಾರಿನಲ್ಲಿ ಕೂರುವುದಿಲ್ಲವೋ ಗೊತ್ತಿಲ್ಲ.

ಭಾವ ಎಲೆ ಅಡಿಕೆ ಜಗಿಯುತ್ತ ಬಂದರು. ಅವರಿಗೆ ತಾವು ಕೊಂಡದ್ದನ್ನು ಯಾರಾದರೂ ಬೈದರೆ ತಮ್ಮನ್ನೇ ಬೈದಂತೆ.

"ನಿಂಗೆ ಅಳೇದೆಲ್ಲ ಚೆಂದ ಕಾಣ್ತದೆ ಕಣಮ್ಮ. ಏರ್‌ಬ್ಯಾಗ್ ಜಾಸ್ತಿ ಕೊಟ್ಟವ್ರೆ, ಅದ್ನ ಯಾಕೆ ಏಳಲ್ಲ ನೀನು?" ಎಂದರು.

ಅದು ನ್ಯಾಯವಾದ ಮಾತು. ಏರ್‌ಬ್ಯಾಗು ನನ್ನ ಕಾರಿಗಿಂತ ಅದರಲ್ಲಿ ಹೆಚ್ಚಿದೆ, ಒಪ್ಪುತ್ತೇನೆ. ಆದರೆ ಅದು ಸರ್ಕಾರ ಕಿವಿ ಹಿಂಡಿದ ಮೇಲೆ ಕೊಟ್ಟದ್ದು. ಹಿಡಿಯ ವಿಷಯಕ್ಕೆ ಕಿವಿ ಹಿಂಡುವವರು ಯಾರೂ ಇರಲಿಲ್ಲ. ಭಾವ ಪಿಚಕ್ಕನೆ ಉಗಿದು ತಮ್ಮ ಕಾರಿನ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ಹೋದರು.

ಅದಾದ ಮೇಲೆ ದೊಡ್ಡಮ್ಮ ಮನೆ ಬಿಟ್ಟು ಹೊರಡಲಿಲ್ಲ. ಕರೆದಲ್ಲೆಲ್ಲ "ಮಂಡಿ ನೋವು" ಎಂಬ ಒಂದೇ ಉತ್ತರ. ಮಂಡಿ ನೋವು ಹೊಸದಾಗಿ ಬಂದದ್ದಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅಕ್ಕನ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರ ಅವರಿಲ್ಲದೆ ನಡೆಯಿತು. ಅಲ್ಲಿ ಯಾರೂ ಯಾವುದನ್ನೂ ಆಕ್ಷೇಪಿಸಲಿಲ್ಲ, ಊಟ ಸಪ್ಪೆಯಾಯಿತು. ಮಂಜಣ್ಣ ಒಂದು ಹಿಡಿ ತಂದು ಗ್ಯಾರೇಜಿನಲ್ಲಿ ಹಾಕಿಸಿದ. ಮುಚ್ಚಳ ತೆಗೆದರೆ ಅದರ ಹಿಂದೆ ಬೋಲ್ಟು ಕೂರುವ ಗಟ್ಟಿ ಜಾಗವೇ ಇರಲಿಲ್ಲ. ಹೇಗೋ ಸ್ಕ್ರೂ ಹೊಡೆದು ಕೂರಿಸಿದ್ದು ಅವನೇ ಎಳೆದು ನೋಡಿದಾಗ ಕೈಗೆ ಬಂತು.

ಕೊನೆಗೆ ಹಾಸನದ ಶೋರೂಮಿಗೇ ಹೋಗಿ ಕೇಳೋಣ ಎಂದು ನಾನೂ ಮಂಜಣ್ಣನೂ ಹೊರಟಾಗ ದೊಡ್ಡಮ್ಮ, "ನಾನೂ ಬತ್ತೀನಿ, ನಿನ್ ಗಾಡೀಲಿ" ಎಂದು ಸೀರೆ ಬದಲಿಸಿದರು. ಶೋರೂಮಿನವರು ನೀರು ಕೊಟ್ಟರು, ಕಾಫಿ ಕೊಟ್ಟರು. ಟೈ ಕಟ್ಟಿದ ಸೇಲ್ಸ್‌ಮನ್ ನಮ್ಮ ದೂರನ್ನು ಬಹಳ ಗೌರವದಿಂದ ಕೇಳಿ, "ಕಸ್ಟಮರ್ ಫೀಡ್‌ಬ್ಯಾಕ್ ಪ್ರಕಾರ ಅದನ್ನ ಯಾರೂ ಯೂಸ್ ಮಾಡ್ತಿರಲಿಲ್ಲ ಮೇಡಂ, ಅದಕ್ಕೇ ತೆಗೆದಿದ್ದಾರೆ. ಟಾಪ್ ಮಾಡೆಲ್‌ನಲ್ಲಿ ಕೊಟ್ಟಿದ್ದಾರೆ" ಎಂದ.

"ಯಾರ್ನ ಕೇಳಿದ್ರಪ್ಪ? ನನ್ನ ಕೇಳ್ಲಿಲ್ವಲ್ಲ" ಎಂದರು ದೊಡ್ಡಮ್ಮ.

ಅವನು ನಕ್ಕ. ನಕ್ಕು, ಮಧ್ಯದಲ್ಲಿ ನಿಲ್ಲಿಸಿದ್ದ ಹೊಸ ಕಾರಿನ ಬಾಗಿಲು ತೆಗೆದು, "ಕೂತು ನೋಡಿ ಅಮ್ಮ, ದೊಡ್ಡ ಸ್ಕ್ರೀನ್ ಬಂದಿದೆ, ಮಾತಾಡುತ್ತೆ" ಎಂದ. ದೊಡ್ಡಮ್ಮ ಹೋಗಿ ಕೂತೇಬಿಟ್ಟರು. ಸ್ಕ್ರೀನು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿತು.

"ಮಾತಾಡ್ತದೆ, ಸರಿ. ಇಳಿಯೋದು ಎಂಗೆ ಅಂತ ಏಳ್ಕೊಡ್ತದಾ?"

ಸೇಲ್ಸ್‌ಮನ್ ಕೈ ಚಾಚಿದ.

"ಕೈ ಬ್ಯಾಡ. ಗಾಡಿ ಮಾಡಿರೋರು ನೀವು. ಇಡ್ಕಳಕ್ಕೆ ಏನಿಟ್ಟಿದೀರೋ ತೋರ್ಸಿ, ಇಳೀತೀನಿ."

ಅವನು ಅತ್ತ ಇತ್ತ ನೋಡಿದ. ಮ್ಯಾನೇಜರ್ ಬಂದರು, "ಅಮ್ಮಾವ್ರೇ" ಎಂದರು, ಅವರಿಗೂ ಅದೇ ಉತ್ತರ ಸಿಕ್ಕಿತು. ಅದೇ ಹೊತ್ತಿಗೆ ಚನ್ನರಾಯಪಟ್ಟಣ ಕಡೆಯ ಒಂದು ಕುಟುಂಬ ಹಾರ, ನಿಂಬೆಹಣ್ಣು ಹಿಡಿದು ತಮ್ಮ ಹೊಸ ಕಾರು ಒಯ್ಯಲು ಬಂತು. ಅವರೂ ನಿಂತು ನೋಡಿದರು. ಆ ಮನೆಯ ಯಜಮಾನ ಮೆಲ್ಲಗೆ ತನ್ನ ಕಾರಿನ ಬಾಗಿಲು ತೆಗೆದು ಕಿಟಕಿಯ ಮೇಲೆ ಕೈಯಾಡಿಸಿದ್ದನ್ನು ನಾನು ಕಂಡೆ. ಮಂಜಣ್ಣ ನಾಚಿಕೆಯಿಂದ ಹೊರಗೆ ಹೋದ. ನನಗೆ ಮಾತ್ರ ಹಬ್ಬವಾಗಿತ್ತು. ಇಡೀ ದಿನ ಕೂರಲಿ, ನಾಳೆಯೂ ಕೂರಲಿ ಎಂದುಕೊಳ್ಳುತ್ತಿದ್ದೆ.

ಹಾಗೆ ಎಷ್ಟು ಹೊತ್ತು ಕೂರಲಾಗುತ್ತದೆ. ಮಂಡಿ ಮಡಚಿ ಕೂತರೆ ಜೋಮು ಹಿಡಿಯುತ್ತದೆ. ವಯಸ್ಸಾದವರು ಬಚ್ಚಲಿಗೆ ಹೋಗಬೇಕಾಗುತ್ತದೆ. ದೊಡ್ಡಮ್ಮನ ಮುಖ ಬಿಗಿಯಾಯಿತು. ಒಮ್ಮೆ ಬಾಗಿಲನ್ನು ನೋಡಿದರು, ಒಮ್ಮೆ ನೆಲವನ್ನು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಸೇಲ್ಸ್‌ಮನ್ನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಕೈ ಕೊಡೇ" ಎಂದರು.

ನನ್ನ ನೆನಪಿನಲ್ಲಿ ಅವರು ಯಾರ ಕೈಯನ್ನಾದರೂ ಕೇಳಿದ್ದು ಅದೇ ಮೊದಲು. ಆ ಕೈ ಎಷ್ಟು ಹಗುರವಾಗಿತ್ತು ಎಂದರೆ, ಇಂಥವರಿಗೆ ಒಂದು ತುಂಡು ಪ್ಲಾಸ್ಟಿಕ್ ಕೊಡಲು ಆಗದೆ ಹೋಯಿತಲ್ಲ ಎಂದು ನನಗೆ ಅಲ್ಲೇ ಅಳು ಬಂತು. ಮ್ಯಾನೇಜರ್ ನಮ್ಮ ಅಭಿಪ್ರಾಯವನ್ನು ಮೇಲಿನವರಿಗೆ ತಿಳಿಸುವುದಾಗಿ ಹೇಳಿದರು. ಹೊರಡುವಾಗ ಒಂದು ಕೀ ಚೈನನ್ನೂ ಕೊಟ್ಟರು.

ಎದುರುಮನೆಯವರ ಸವಾರಿ ಮುಗಿದ ಮರುದಿನ ಭಾನುವಾರ. ದೊಡ್ಡಮ್ಮ ಬರುವವರಿದ್ದರು. ಹೌದು, ಈಗ ಮತ್ತೆ ಬರುತ್ತಾರೆ, ಕೆಂಪು ಬಸ್ಸಿನಲ್ಲಿ. ಮಂಜಣ್ಣನ ಹೊಳೆಯುವ ಕಾರು ಹೊಳೆನರಸೀಪುರದ ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ, ಅವನ ತಾಯಿ ಆಟೋದ ಕಂಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದರೂ ಒಪ್ಪುವುದಿಲ್ಲ. "ನಿನ್ ಗಾಡಿ ಇನ್ನೆಷ್ಟು ದಿನ ಓಡ್ತದೆ? ಆಮ್ಯಾಕೆ ನೀನೂ ಅಂತದ್ದೇ ತರ್ತೀಯ. ನಾನು ಈಗ್ಲೇ ಬಸ್ಸಿಗೆ ಅಭ್ಯಾಸ ಮಾಡ್ಕತೀನಿ" ಎಂದು ನನ್ನ ಬಾಯಿ ಮುಚ್ಚಿಸಿದ್ದಾರೆ.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಂತಿತು. ಸೀಟು ಹರಿದಿತ್ತು, ಗಾಜು ಗಡಗಡ ಅನ್ನುತ್ತಿತ್ತು, ಹೊಸತನ ಎಂಬ ಮಾತನ್ನು ಅದರ ಹತ್ತಿರ ಯಾರೂ ಆಡುವಂತಿರಲಿಲ್ಲ. ಆದರೆ ಬಾಗಿಲಿನ ಎರಡೂ ಕಡೆ ಉದ್ದನೆಯ ಕಂಬಿ, ಜನ ಹಿಡಿದು ಹಿಡಿದು ಬಣ್ಣವೆಲ್ಲ ಹೋಗಿ ಒಳಗಿನ ಕಬ್ಬಿಣ ನುಣ್ಣಗಾದದ್ದು. ದೊಡ್ಡಮ್ಮ ಎರಡೂ ಕಂಬಿ ಹಿಡಿದು ಮೇಲಿನ ಮೆಟ್ಟಿಲಲ್ಲಿ ನಿಂತರು. ಹಿಂದಿನವರು ಗೊಣಗಿದರು, ಕಂಡಕ್ಟರ್ "ತಡೀರಿ ಸಾ, ಅಜ್ಜಿ ಇಳೀಲಿ" ಎಂದ. ಮೆಟ್ಟಿಲು ಎತ್ತರವಿತ್ತು. ಒಂದು ಕಾಲು ಕೆಳಗಿಟ್ಟರು, ನಿಂತರು, ಉಸಿರೆಳೆದುಕೊಂಡರು. ನನ್ನ ಕೈ ಮುಂದಕ್ಕೆ ಹೋಗಲು ಚಡಪಡಿಸುತ್ತಿತ್ತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೋರ್ಡು ಓದುವವಳಂತೆ ಬೇರೆ ಕಡೆ ನೋಡುತ್ತ ನಿಂತೆ.

ದೊಡ್ಡಮ್ಮ ಕೆಳಗಿಳಿದರು. ಸೆರಗು ಸರಿ ಮಾಡಿಕೊಂಡು ಸುತ್ತ ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಏನೇ, ಕೈ ಕಟ್ಕಂಡು ನಿಂತಿದೀಯ ಮಾರಾಣಿ ಅಂಗೆ. ಬ್ಯಾಗಾದ್ರೂ ಇಸ್ಕೊ."