ವಿಭೂತಿ ಡಬ್ಬಿಗೆ ತುಂಬಿದ ಬಿಳಿ ಪುಡಿ

ಅಕ್ಕಾ, ಬಾಣಂತಿಗೆ ಇಂಥ ಕಾಗದ ಬರೆಯಬಾರದು, ಸಾರಿ. ಇಂದು ಕಾಲೇಜಿನ ಲ್ಯಾಬಿನಲ್ಲಿ ಟ್ಯೂಬ್ ಲೈಟ್ ಒಡೆಯಿತು. "ಡೋಂಟ್ ಟಚ್! ಅದರಲ್ಲಿ ಪಾದರಸವಿದೆ, ವಿಷ" ಎಂದು ಮೇಷ್ಟ್ರು ಎಲ್ಲರನ್ನೂ ಹೊರಗೆ ಕಳಿಸಿದರು. ನೆಲದ ಮೇಲಿನ ಬಿಳಿ ಪುಡಿ ಕಂಡವಳೇ ಹೊರಗೆ ಬಂದು ಈ ಕಾಗದ ಬರೆಯಲು ಕೂತೆ.

ಹಿಂದೆ ಹಾಸ್ಟೆಲಿನಿಂದ ರಜೆಗೆ ಬಂದಾಗ, ಅಜ್ಜಿ ಮಾದಪ್ಪನ ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ಬಚ್ಚಲಿಗೆ ಚೆಲ್ಲಿಬಿಟ್ಟಿದ್ದೆ. ಬೈಗುಳಕ್ಕೆ ಹೆದರಿ, ಕೊಳ್ಳೇಗಾಲದ ರೇಷ್ಮೆ ಅಂಗಡಿಯವರು ಎಸೆದಿದ್ದ ಟ್ಯೂಬನ್ನು ಒಡೆದು, ಒಳಗಿನ ಪುಡಿ ಕೆರೆದು ಡಬ್ಬಿಗೆ ತುಂಬಿದೆ.

ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ, "ಏಟು ನುಣ್ಗದೆ ನೋಡಮ್ಮಿ! ಈ ಸಲ ಮಾದಪ್ಪ ಒಳ್ಳೇದ್ನೇ ಕೊಟ್ಟವ್ನೆ" ಅಂದಳು. ಜ್ವರದಲ್ಲಿ ಮಲಗಿದ್ದ ತಮ್ಮನ ನಾಲಿಗೆಗೆ ಒಂದು ಚಿಟಿಕೆ ಇಟ್ಟಳು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ತಮ್ಮನ ಜ್ವರ ಇಳಿಯಿತು. ಅಂದಿನಿಂದ ಆ ಡಬ್ಬಿ ಮನೆಯ ಔಷಧಿಯಾಯಿತು.

ಈಗ ಅದೇ ಮನೆಯಲ್ಲಿ ನಿನ್ನ ಮಗುವಿದೆ. ಅದರ ಬಾಯಿಗೆ ಆ ಪುಡಿ ಇಡಲು ಬಿಡಬೇಡ. ಹಳೇ ಪ್ರಸಾದವೆಂದು ಕೆರೆಗೆ ಬಿಡಬೇಡ, ಒಲೆಗೂ ಹಾಕಬೇಡ. ಮುಚ್ಚಳಕ್ಕೆ ಮೇಣ ಮೆತ್ತಿ ಅಟ್ಟದ ಮೇಲಿಡು. ಅಜ್ಜಿಗೆ ನಾನೇ ಬಂದು ಹೇಳುತ್ತೇನೆ. ಡಬ್ಬಿ ಸಿಕ್ಕಿತೇ ಎಂದು ಬೇಗ ಉತ್ತರ ಬರೆ.