ಕಿತ್ತು ಹಾಕಿದ ಹನ್ನೊಂದು ಗಂಟುಗಳು

ಆಗ ನನಗೆ ಹತ್ತೊಂಬತ್ತು ವರ್ಷ. ಬಬ್ಬೂರಿನ ಹತ್ತಿರದ ಒಂದು ಪ್ರಯೋಗದ ಹೊಲದಲ್ಲಿ ಹತ್ತಿ ಗಿಡಗಳ ರೋಗ ಎಣಿಸುವ ಕೆಲಸದಲ್ಲಿದ್ದೆ. ಸಾಲಿಗೆ ಹಳದಿ ಎಲೆ ಎಷ್ಟು, ಹುಳು ಬಿದ್ದ ಮೊಗ್ಗು ಎಷ್ಟು ಎಂದು ಬರೆಯಬೇಕು. ಮೇಸ್ತ್ರಿ ಹೇಳಿಕೊಟ್ಟ ಪಾಠ ಒಂದೇ: "ಅನುಮಾನ ಬಂತಾ, ಕಿತ್ತಾಕಿ ಸುಡು. ಯೋಚ್ನೆ ಮಾಡ್ತಾ ಕುಂತ್ರೆ ಹೊಲಾನೇ ಹೋಗ್ತೈತೆ ಲೇ."

ಹಿರಿಯೂರಿನ ನಮ್ಮ ವಠಾರದಲ್ಲಿ ಪಕ್ಕದ ಮನೆಯಾಕೆ ಸ್ಕೂಲ್ ಟೀಚರ್. ಅವರ ಬಾಗಿಲ ಮುಂದೆ ಮರದ ತುಂಡೊಂದಕ್ಕೆ ಕಟ್ಟಿದ ಸೀತಾಳೆ ಗಿಡ ತೂಗುತ್ತಿತ್ತು. ಮಣ್ಣಿಲ್ಲ, ಬೇರುಗಳೆಲ್ಲ ಹೊರಗೇ. ಅದಕ್ಕೆ ಆರ್ಕಿಡ್ ಎಂಬ ಹೆಸರೂ ಇದೆಯೆಂದು ನಾನು ಕೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಹೊಸದುರ್ಗದಲ್ಲಿದ್ದ ಅವರ ತಾಯಿ ಸಾಕಿ ಕೊಟ್ಟ ಗಿಡ ಅದು. ಡಿಸೆಂಬರಿನಲ್ಲಿ ಆ ತಾಯಿ ಹಾಸಿಗೆ ಹಿಡಿದರು. ಟೀಚರ್ ರಜೆ ಹಾಕಿ, ಗಿಡವನ್ನು ನನಗೆ ಒಪ್ಪಿಸಿ ಹೊರಟರು.

"ಈ ಸಲದ ಹೂ ನೋಡ್ಬೇಕು ಅಂತ ಅಮ್ಮಂದು ಒಂದೇ ಆಸೆ ಕಣಪ್ಪ. ಅಲ್ಲಿ ಅವರನ್ನ ನೋಡ್ಕೊಂಡು ಇದನ್ನೂ ನೋಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ. ಮೊಗ್ಗು ಕಂಡ ತಕ್ಷಣ ಒಂದು ಕಾರ್ಡ್ ಹಾಕು, ಬಂದು ಒಯ್ತೀನಿ."

ಅವತ್ತೇ ಎಣಿಸಿದೆ: ಕಾಂಡ ಐದು, ಎಲೆ ಇಪ್ಪತ್ತಾರು. ವಾರದೊಳಗೆ ನಾಲ್ಕು ಎಲೆ ಹಳದಿಯಾದವು. ಕತ್ತರಿಸಿ ಹಿತ್ತಲಲ್ಲಿ ಸುಟ್ಟೆ. ಆಮೇಲೆ ಒಂಬತ್ತು, ಆಮೇಲೆ ಹತ್ತು. ನೀರು ಸಾಲದೇನೋ ಎಂದು ದಿನಕ್ಕೆ ಎರಡು ಸಲ ಹಾಕತೊಡಗಿದೆ. ಸಂಕ್ರಾಂತಿಯ ಹೊತ್ತಿಗೆ ಒಂದು ಎಲೆಯೂ ಉಳಿದಿರಲಿಲ್ಲ. ಕಾಂಡಗಳ ಸಿಪ್ಪೆ ಮುದುಕರ ಕೈ ಚರ್ಮದ ಹಾಗೆ ಸುಕ್ಕುಗಟ್ಟಿತ್ತು. ಗಿಡ ಸತ್ತರೆ ಅವರಿಗೆ ಏನು ಹೇಳಲಿ ಎಂದು ಊಟ ಸೇರುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಆ ಬೋಳು ಕಾಂಡಗಳ ಗೆಣ್ಣಿನಲ್ಲಿ ಜೋಳದ ಕಾಳಿನಷ್ಟು ಗಂಟುಗಳು ಕಂಡವು. ಮೊಗ್ಗು ಅಂದರೆ ತುದಿಯಲ್ಲಿ, ಎಲೆಗಳ ನಡುವೆ ಬರುವುದೆಂದೇ ನಾನು ತಿಳಿದಿದ್ದೆ. ಇದು ಹುಳು ಮೊಟ್ಟೆಯಿಟ್ಟು ಎಬ್ಬಿಸಿದ ಗಂಟು ಎಂದು ತೀರ್ಮಾನಿಸಿ ಉಗುರಿನಿಂದ ಒಂದೊಂದನ್ನೇ ಚಿವುಟಿದೆ. ಒಟ್ಟು ಹನ್ನೊಂದು. ಒಳಗೆ ಹುಳು ಇರಲಿಲ್ಲ. ಆಗಲಾದರೂ ನಿಂತು ಯೋಚಿಸಬೇಕಿತ್ತು. ಬದಲಿಗೆ ಕಾರ್ಡ್ ಬರೆದೆ: "ಗಿಡಕ್ಕೆ ರೋಗ ಬಂದಿತ್ತು. ಹನ್ನೊಂದು ಗಂಟು ತೆಗೆದಿದ್ದೇನೆ. ಕಾಂಡ ಉಳಿದಿದೆ, ಗಾಬರಿ ಬೇಡ."

ಮೂರನೇ ದಿನ ಟೀಚರ್ ಬಂದರು. ಚೀಲ ಕೆಳಗಿಡದೆ ಗಿಡದ ಮುಂದೆ ನಿಂತರು.

"ಎಲೆ ಉದುರೋದು ಇದರ ಸ್ವಭಾವ ಕಣಪ್ಪ. ಚಳಿಗಾಲದಾಗೆ ಹಿಂಗೇ ಬೋಳಾಗ್ತೈತೆ, ಸುಕ್ಕಾಗ್ತೈತೆ. ಆಮೇಲೆ ಗೆಣ್ಣಿನಾಗೆ ಬರೋ ಗಂಟೇ ಮೊಗ್ಗು. ರೋಗ ಆಗಿದ್ರೆ ಕಾಂಡ ಮೆತ್ತಗಾಗಿ ಕಪ್ಪು ತಿರುಗಿ ನಾರ್ತಿತ್ತು. ನಾರ್ತಿತ್ತಾ?"

"ಇಲ್ಲ."

"ಮತ್ತೆ ಮೂಸಿ ನೋಡೋಕೇನಾಗಿತ್ತು?" ಎಂದವರು, ಬೋಳು ಕಾಂಡವೊಂದನ್ನು ಸವರಿ, "ನಾನಾದ್ರೂ ಹೇಳಿ ಹೋಗ್ಬೇಕಿತ್ತು" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನಾನೂ ಜೊತೆಗೆ ಬರುತ್ತೇನೆಂದೆ. ಬೇಡವೆನ್ನಲಿಲ್ಲ. ಬಸ್ಸಿನಲ್ಲಿ ಹೊಸದುರ್ಗದವರೆಗೂ ಗಿಡ ನನ್ನ ತೊಡೆಯ ಮೇಲಿತ್ತು.

ಟೀಚರ್ ತಾಯಿ, ಆ ಅಜ್ಜಿ, ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಿಡವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಗೆಣ್ಣು ತಡವಿದರು.

"ಎಲ್ಲಿ ಮೊಗ್ಗು?"

"ಗಾಳಿಗೆ ಉದುರಿದ್ವಮ್ಮ" ಎಂದರು ಟೀಚರ್, ನನ್ನ ಕಡೆ ನೋಡದೆ.

"ಗಾಳಿಗೆ ಉಗುರು ಇರ್ತಾವೇನೇ?"

ಒಲೆಯ ಮೇಲೆ ಗಂಜಿ ಕುದಿಯುವ ಸದ್ದು ಕೇಳಿಸುತ್ತಿತ್ತು. "ನಾನೇ ಅಜ್ಜಿ, ಚಿವುಟಿದ್ದು. ರೋಗ ಅಂದ್ಕಂಡೆ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀರೂ ಹಾಕಿದ್ಯೇನು?"

"ದಿನಾ ಎರಡು ಸಲ."

"ಅಯ್ಯೋ ತಮ್ಮಾ, ಅದಕ್ಕೆ ಇದು ನಿದ್ದೆ ಮಾಡೋ ಕಾಲ. ಎರಡು ಸಲ ಎಬ್ಬಿಸಿದೀಯ." ನಗಲು ಹೋಗಿ ಕೆಮ್ಮು ಹತ್ತಿತು. ಟೀಚರ್ ಬೆನ್ನು ನೀವಿದರು.

"ಬುಡ ಗಟ್ಟಿ ಐತೆ ನೋಡಮ್ಮ. ಬರೋ ವರ್ಷ ಹೂ ಬಿಡ್ತೈತೆ."

"ಬರೋ ವರ್ಷದ್ದು ನೀನೇ ನೋಡು" ಎಂದರು ಅಜ್ಜಿ. ಗಿಡವನ್ನು ಮಗಳ ಕೈಗೆ ದಾಟಿಸಿ, ಕಿಟಕಿಯ ಕಡೆ ತಿರುಗಿ ಮಲಗಿದರು.