ಕಂಪೌಂಡರ್ ಕಾಕಾ ಕೂತ ಬಾವಿಕಟ್ಟೆ

ಅವರ ಎರಡು ಬೆರಳುಗಳ ಉಗುರು ಸದಾ ನೇರಳೆ ಬಣ್ಣ. ಸವಣೂರಿನ ದವಾಖಾನೆಯಿಂದ ನಿವೃತ್ತರಾದ ಮೇಲೂ, ಮೊಣಕಾಲು ತರಚಿಕೊಂಡು ಬಂದ ಓಣಿಯ ಮಕ್ಕಳಿಗೆಲ್ಲ ನೇರಳೆ ಔಷಧ ಹಚ್ಚುತ್ತಿದ್ದವರು ನಮ್ಮ ಪಕ್ಕದ ಮನೆಯ ಕಂಪೌಂಡರ್ ಕಾಕಾ. ಯಾರೇ ಸಿಗಲಿ, ಮೊದಲು ಮಣಿಕಟ್ಟು ಹಿಡಿಯುವರು. "ಬಾಯಿ ಸುಳ್ಳ ಹೇಳ್ತೈತಿ, ನಾಡಿ ಹೇಳಂಗಿಲ್ಲ" ಎನ್ನುವರು.

ಅರವತ್ತೈದರ ಹೊತ್ತಿಗೆ ಅವರ ಕಿವಿ ಪೂರ್ತಿ ಹೋಯಿತು. ಓಣಿಯ ಕಟ್ಟೆಯ ಮೇಲಿನ ಹರಟೆಗೆ ನಾಲ್ಕು ಸಲ "ಆಂ?" ಎಂದು, ಐದನೆಯ ಸಲ ಸುಮ್ಮನೆ ನಕ್ಕು ಎದ್ದು ಬರುತ್ತಿದ್ದರು. ಆಗ ಶಿಗ್ಗಾಂವದಲ್ಲಿ ಕಾಲೇಜು ಓದುತ್ತಿದ್ದ ನಾನು ಅವರ ಫೋನಿಗೆ ಒಂದು ಆಟ ಹಾಕಿಕೊಟ್ಟೆ. ಅದೊಂದು ಆನ್‌ಲೈನ್ ಊರು. ನಮ್ಮ ಬದಲು ಅಲ್ಲಿ ಒಂದು ಗೊಂಬೆ ಓಡಾಡುತ್ತದೆ. ಸಿಕ್ಕ ಗೊಂಬೆಗಳೊಡನೆ ಟೈಪ್ ಮಾಡಿ ಮಾತಾಡಬಹುದು. ಕಿವಿಗೆ ಕೆಲಸವಿಲ್ಲ. ಕಾಕಾ ಅಲ್ಲಿಯ ಬಾವಿಕಟ್ಟೆಯಲ್ಲಿ ದಿನಾ ಕೂತು, ಕನ್ನಡದವರನ್ನೆಲ್ಲ ಗುಡ್ಡೆ ಹಾಕಿದರು. ಯಾರಿಗೆ ನೆಗಡಿ, ಯಾರ ಮಗಳಿಗೆ ಹೆರಿಗೆ, ಎಲ್ಲ ಅವರಿಗೆ ಗೊತ್ತು.

ಆಮೇಲೆ ಆ ಆಟಕ್ಕೆ ಮೈಕ್ ಬಂತು. ಒಬ್ಬೊಬ್ಬರೇ ಟೈಪ್ ಮಾಡುವುದನ್ನು ಬಿಟ್ಟು ಬಾಯಲ್ಲೇ ಮಾತಾಡತೊಡಗಿದರು. ಉಳಿದವರು ಆಟದ ಪಾಯಿಂಟ್ ಗಳಿಸಿ ಹೋಗುವವರು.

"ತಂಗಿ, ಊರ ತುಂಬ ಮಂದಿ ಅದಾರ. ನನ್ನ ಕೂಡ ಯಾರೂ ಬಾಯಿ ಬಿಡವಲ್ರು. ಯಾಕಿರಬಹುದು?"

ಕಾಕಾ ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗ ಯಾವುದೆಂದು ತಿಳಿಯುವ ಕುತೂಹಲವಿತ್ತು.

ಕೊನೆಗೆ ಟೈಪ್ ಮಾಡುತ್ತಿದ್ದವಳು ಒಬ್ಬಳೇ, ಹಿರೇಕೆರೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳು. ಒಮ್ಮೆ ಅವಳ ಗೊಂಬೆಯೂ ವಾರಗಟ್ಟಲೆ ನಿಂತಲ್ಲೇ ನಿಂತಿತು. ಏನು ಕೇಳಿದರೂ ಉತ್ತರವಿಲ್ಲ.

"ಆಕಿಗೆ ಬಿಪಿ ಐತಿ. ನಡಿ, ನೋಡಿ ಬರೂಣು."

'ಆಟಕ್ಕ ಅಷ್ಟ್ ದೂರ ಯಾಕ್ರಿ ಕಾಕಾ?' ಎಂದು ಬರೆದು ತೋರಿಸಿದೆ.

"ಆಟ ಖರೇ. ಬಿಪಿ ಆಟ ಅಲ್ಲಲಾ" ಎನ್ನುತ್ತ ಚಪ್ಪಲಿ ಮೆಟ್ಟಿದರು.

ಹಾವೇರಿಯಲ್ಲಿ ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಗಿರಣಿ ಮುಟ್ಟಿದೆವು. ಅವಳು ಮೈತುಂಬ ಹಿಟ್ಟು ಮೆತ್ತಿಕೊಂಡು ಗಟ್ಟಿಮುಟ್ಟಾಗಿ ನಿಂತಿದ್ದಳು. ಕಾಕಾ ತಾವು ಯಾರೆಂದು ಕೂಗಿ ಹೇಳಿದರು. ಅವಳು ನಾಚಿ ಏನೋ ಹೇಳಿದಳು. ಗಿರಣಿಯ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು: "ಸುಮ್ನ ನಿಂತ್ರೂ ಪಾಯಿಂಟ್ ಬರ್ತಾವಂತ. ಫೋನ್ ಚಾರ್ಜಿಗೆ ಹಚ್ಚಿ ಜ್ವಾಳ ಬೀಸಾಕತ್ತಿದ್ಲಂತ. ಅಲ್ಲೆ ಯಾರೂ ಮಾತಾಡಂಗಿಲ್ಲ ಅಂತ ಆಕಿನೂ ನೋಡೂದ ಬಿಟ್ಟಿದ್ಲಂತ."

ನಾನು ಬೆರಗಾದೆ. ಆ ಗದ್ದಲದಲ್ಲಿ ದಿನವಿಡೀ ದುಡಿದು, ಮುಖಕ್ಕೆ ಮುಖ ಕೊಟ್ಟು ತುಟಿ ಬಿಡಿಸಿ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಅವಳ ತುಟಿ ನೋಡಿಯೇ ತಿಳಿದುಕೊಂಡ ಕಾಕಾ ಒಮ್ಮೆಯೂ "ಆಂ?" ಎನ್ನಲಿಲ್ಲ. ಇಬ್ಬರೂ ಒಂದು ತಾಸು ಹರಟಿದರು. ಅದಾದ ಮೇಲೆ ತಿಂಗಳಿಗೊಮ್ಮೆ ಅವರು ಒಬ್ಬರೇ ಬಸ್ಸು ಹತ್ತುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಫೋನಿನಲ್ಲಿ ಹೇಳಲು ಮನಸ್ಸೊಪ್ಪದೆ ನಾನೇ ಹಿರೇಕೆರೂರಿಗೆ ಹೋದೆ. ಇಂಥ ಹೊತ್ತಿನಲ್ಲಿ ಎದ್ದು ಹೋಗಿ ಮುಖ ನೋಡಬೇಕೆಂದು ಅವರಿಂದ ಕಲಿತವಳು ನಾನು. ಸುದ್ದಿ ಕೇಳಿ ಅವಳು ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನನ್ನು ಕೂರಿಸಿ ಕೇಳಿದಳು:

"ನೀವ್ ಹ್ಯಾಂಗ ಅದೀರಿ, ಅಕ್ಕಾರ?"

ಕಾಕಾ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಲ್ಲಿಯೇ ಜೋಳದ ಚೀಲದ ಮೇಲೆ ಕೂತು ಮನಸಾರೆ ಅತ್ತೆ.